ಬಿರುಕು ಬಿಟ್ಟ ಬ್ಯಾಟನ್ನು ಒಲೆಗೆ ಹಾಕುವ ಮುನ್ನ

ಕೊಳೆರೋಗ, ಬೋರ್ಡೋ ದ್ರಾವಣ, ಕಾಫಿ ಗಿಡದ ಕಪಾತು, ಸಾಲದ ಕಂತು – ಇವುಗಳ ಮಧ್ಯೆ ಕ್ರಿಕೆಟ್ ಬ್ಯಾಟಿಗೆ ನಮ್ಮ ಪತ್ರಿಕೆಯಲ್ಲಿ ಏನು ಕೆಲಸವೆಂದು ಹಿರಿಯ ಸದಸ್ಯರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಗದ್ದೆಯ ಕೊಯ್ಲು ಮುಗಿದ ಮೇಲೆ ಸಂಜೆಯ ಹೊತ್ತು ಯಾವುದಾದರೊಂದು ಬಯಲಿನ ಅಂಚಿನಲ್ಲಿ ನಿಂತು ನೋಡಿ. ಅಲ್ಲಿ ಚೆಂಡಿನ ಹಿಂದೆ ಓಡುತ್ತಿರುವವರು ಬೆಳಿಗ್ಗೆ ನಮ್ಮ ತೋಟದಲ್ಲಿ ಅಡಿಕೆ ಕೊನೆ ಇಳಿಸಿದವರು, ರಾತ್ರಿ ಸುಲಿಯಲು ಬರುವವರು, ನಮ್ಮ ನಿಮ್ಮ ಮನೆಯ ಮಕ್ಕಳು. ಅವರ ಕೈಯ ಬ್ಯಾಟು ಸೀಳಿದರೆ ಅದರ ಸದ್ದು ನಮ್ಮ ಅಂಗಳದವರೆಗೂ ಕೇಳುತ್ತದೆ.

ಬ್ಯಾಟು ಹೆಚ್ಚಿನ ಕಡೆ ಒಬ್ಬನ ಸೊತ್ತಲ್ಲ. ಹತ್ತು ಹನ್ನೆರಡು ಮಂದಿ ಸೇರಿ, ಸುಲಿದ ಕೂಲಿಯಲ್ಲಿ ಇಷ್ಟಿಷ್ಟು ತೆಗೆದಿರಿಸಿ ಕೊಂಡದ್ದು. ಕಾಶ್ಮೀರ ವಿಲೋ ಮರದ ಸಾಧಾರಣ ಬ್ಯಾಟಿಗೂ ಸಾವಿರ ರೂಪಾಯಿಗೆ ಮೇಲೆಯೇ ಬೀಳುತ್ತದೆ. ನಮ್ಮ ಊರಿನ ಒಂದು ತಂಡದಲ್ಲಿ ಹೀಗೆ ಕೊಂಡ ಬ್ಯಾಟು ಮೂರೇ ವಾರದಲ್ಲಿ ಕೆಳತುದಿಯಿಂದ ನಾಲ್ಕು ಬೆರಳಿನಷ್ಟು ಸೀಳಿತು. ಆಗ ಹೊಡೆಯುತ್ತಿದ್ದವನು ತಂಡದ ಅತಿ ಕಿರಿಯ. ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ. ಪೂರ್ತಿ ಹಣ ಅವನೇ ಕೊಡಬೇಕೆಂದು ಉಳಿದವರು ಪಟ್ಟು ಹಿಡಿದರು. ಅವನು ಬಯಲಿಗೆ ಬರುವುದನ್ನು ನಿಲ್ಲಿಸಿದ. ಅದೇ ಹುಡುಗರ ಜೊತೆ ಕುಳಿತು ಅಡಿಕೆ ಸುಲಿಯಲು ಬರುವುದನ್ನೂ ನಿಲ್ಲಿಸಿದ. ಸುಲಿಯುವವರ ಅಭಾವ ಎಷ್ಟಿದೆಯೆಂಬುದನ್ನು ಸದಸ್ಯರಿಗೆ ಬೇರೆ ಹೇಳಬೇಕಾಗಿಲ್ಲ. "ಇದ್ ಇನ್ ಒಲಿಗ್ ಹಾಕುಕೇ ಸೈ" ಎಂದು ಹುಡುಗರು ತೀರ್ಮಾನಿಸಿದ್ದ ಬ್ಯಾಟನ್ನು ನೆರೆಯ ಆಚಾರ್ರು ಒಮ್ಮೆ ತಿರುಗಿಸಿ ನೋಡಿ, "ಎಳೆಯ ಉದ್ದಕ್ಕೇ ಸೀಳಿದೆ, ಇದಕ್ಕೆ ಸಾವಿಲ್ಲ" ಎಂದರು. ನೂರೈವತ್ತು ರೂಪಾಯಿಯೊಳಗಿನ ಸಾಮಾನಿನಲ್ಲಿ, ಎರಡು ದಿನದಲ್ಲಿ ಅದು ಸರಿಯಾಯಿತು. ಹುಡುಗನೂ ತಿರುಗಿ ಬಂದ. ಆ ಆಚಾರ್ರಿಗೆ ಈಗ ಎಪ್ಪತ್ತು ದಾಟಿದೆ, ಅವರ ಮಕ್ಕಳು ಉಳಿಯನ್ನು ಹಿಡಿದವರಲ್ಲ. ಆದುದರಿಂದ ಅವರು ಮಾಡಿದ್ದನ್ನೂ ಅದರ ಹಿಂದಿನ ಕಾರಣಗಳನ್ನೂ ಬರೆದಿಡುವುದು ಒಳ್ಳೆಯದೆಂದು ನಮಗೆ ತೋರಿತು.

ಮೊದಲು ಬ್ಯಾಟು ಎಂಬುದು ಏನೆಂದು ತಿಳಿಯಬೇಕು. ನಾವೆಲ್ಲ ಚಿಕ್ಕವರಿದ್ದಾಗ ತೆಂಗಿನ ಮಡಲಿನ ಬುಡದ ಕೊತ್ತಳಿಗೆಯನ್ನು ಕತ್ತಿಯಲ್ಲಿ ಕೆತ್ತಿ ಆಡಿದವರೇ. ಅದಕ್ಕೆ ರಿಪೇರಿಯ ಪ್ರಶ್ನೆಯೇ ಇರಲಿಲ್ಲ. ಮುರಿದರೆ ಬಚ್ಚಲೊಲೆಗೆ, ಮರುದಿನ ಇನ್ನೊಂದು. 1983ರ ವಿಶ್ವಕಪ್ಪಿನ ಗೆಲುವಿನ ನಂತರ ನಮ್ಮ ಕಡೆಯ ಹುಡುಗರಿಗೆ ಅಂಗಡಿಯ ಬ್ಯಾಟೇ ಬೇಕೆಂಬ ಆಸೆ ಹುಟ್ಟಿತು. ಅಂಗಡಿಯ ಬ್ಯಾಟಿನ ಹಲಗೆ ವಿಲೋ ಮರದ್ದು. ಇಂಗ್ಲೆಂಡಿನದು ಉತ್ತಮ ದರ್ಜೆಯದು. ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ಕಾಶ್ಮೀರದ್ದು. ಅನಂತನಾಗ್ ಜಿಲ್ಲೆಯ ಬಿಜ್‌ಬೆಹಾರ, ಸಂಗಮ್ ಊರುಗಳಲ್ಲಿ ಹೆದ್ದಾರಿಯ ಬದಿಯಲ್ಲಿ ಸೀಳಿದ ವಿಲೋ ತುಂಡುಗಳನ್ನು ಗೋಪುರದಂತೆ ಪೇರಿಸಿ ಗಾಳಿಗೆ ಒಣಗಿಸಿರುತ್ತಾರೆ. ಮೀರತ್ ಮತ್ತು ಜಾಲಂಧರ್ ನಗರಗಳೂ ಈ ಉದ್ಯಮಕ್ಕೆ ಹೆಸರಾದವು. ತೀರ ಅಗ್ಗದ ಬ್ಯಾಟುಗಳು ಪಾಪ್ಲರ್ ಮರದವು. ಕೊಳ್ಳುವಾಗ ವಿಚಾರಿಸಿಕೊಳ್ಳುವುದು ಲೇಸು. ಹಿಡಿ ಮಾತ್ರ ಬೆತ್ತದ್ದು. ಆಗ್ನೇಯ ಏಷ್ಯಾದ ದಪ್ಪ ಬೆತ್ತ, ನಮ್ಮ ಘಟ್ಟದ ಬೆತ್ತದ ನೆಂಟನೇ. ಅದರ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಪೆಟ್ಟಿನ ಅದುರು ಕೈಗೆ ತಟ್ಟದಂತೆ ನಡುವೆ ರಬ್ಬರ್ ಇಟ್ಟು, ಹಲಗೆಯ ತಲೆಯಲ್ಲಿ 'ವಿ' ಆಕಾರಕ್ಕೆ ಕೊರೆದ ಸಂದಿನಲ್ಲಿ ಕೂಡಿಸಿರುತ್ತಾರೆ.

ವಿಲೋ ಹಗುರ, ಮೃದು. ಅದರ ಮುಖವನ್ನು ಕಾರ್ಖಾನೆಯಲ್ಲಿ ರೋಲರಿನಿಂದ ಒತ್ತಿ ಗಟ್ಟಿ ಮಾಡುತ್ತಾರೆ. ಆದರೆ ಕೆಳತುದಿ ಎಳೆಗಳನ್ನು ಅಡ್ಡ ಕತ್ತರಿಸಿದ ಜಾಗ. ಒಂದು ಹಿಡಿ ಹುಲ್ಲನ್ನು ಅಡ್ಡ ಕೊಯ್ದರೆ ಕೊಳವೆಗಳ ಬಾಯಿ ತೆರೆದು ನಿಲ್ಲುವ ಹಾಗೆ ಅಲ್ಲಿ ಮರದ ಬಾಯಿ ತೆರೆದೇ ಇರುತ್ತದೆ. ಬದಿಯಿಂದ ಹೀರುವುದಕ್ಕಿಂತ ಅನೇಕ ಪಟ್ಟು ಬೇಗ ಅಲ್ಲಿಂದ ನೀರು ಏರುತ್ತದೆ. ಇನ್ನೊಂದು ಸಂಗತಿ: ಮರ ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಅಡ್ಡಕ್ಕೆ ಮಾತ್ರ ಹಿಗ್ಗು, ಕುಗ್ಗು. ಹೊರಮೈ ಬೇಗ ಒಣಗಿ ಕುಗ್ಗಿ, ಒಳಮೈ ಇನ್ನೂ ಉಬ್ಬಿಯೇ ಇದ್ದರೆ ನಡುವೆ ಎಳೆದಾಟವಾಗಿ ಮರ ಸೀಳುತ್ತದೆ.

ನಮ್ಮ ಸೀಮೆಯಲ್ಲಿ ಇದು ಹೇಗೆ ನಡೆಯುತ್ತದೆಂದು ನೋಡಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಜೂನ್‌ನಿಂದ ನಾಲ್ಕು ತಿಂಗಳು ಬ್ಯಾಟು ಚಾವಡಿಯ ಮೂಲೆಯಲ್ಲಿ, ಒದ್ದೆ ನೆಲದ ಮೇಲೆ, ಕೆಳತುದಿ ಊರಿ ನಿಂತಿರುತ್ತದೆ. ದೀಪಾವಳಿ ಕಳೆದ ಮೇಲೆ ಹುಡುಗರಿಗೆ ನೆನಪಾಗಿ, ಬೂಷ್ಟು ಹಿಡಿದ ಬ್ಯಾಟನ್ನು ತೆಗೆದು ಅಡಿಕೆ ಅಂಗಳದ ಬಿಸಿಲಿಗೆ ಹರಡುತ್ತಾರೆ. ಚಾಲಿಗೆ 40-45 ದಿನದ ಬಿಸಿಲು ಬೇಕು, ನಿಜ. ಬ್ಯಾಟಿಗೆ ಒಂದು ದಿನದ್ದೂ ಬೇಡ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೂ ಅದೇ ಪಾಡು. ಮುಂದೆ ಡಿಸೆಂಬರ್, ಜನವರಿಯಲ್ಲಿ ಹೊನಲು ಬೆಳಕಿನ ಪಂದ್ಯಾಟಗಳು. ಮಧ್ಯರಾತ್ರಿಯ ಇಬ್ಬನಿಗೆ ನೆನೆದ ನೆಲದಲ್ಲಿ ತುದಿಯೂರಿ ನಿಂತ ಬ್ಯಾಟು ಮರುದಿನ ಬೈಕಿನ ಹಿಂದೆ ಕಟ್ಟಿಸಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಊರಿಗೆ ಬರುತ್ತದೆ. ಕುಂದಾಪುರದ ಗಾಂಧಿ ಮೈದಾನದಲ್ಲಿ ರಾತ್ರಿ ಆಡಿ ಬಂದ ಬ್ಯಾಟು ಭಾನುವಾರ ಊರಿನಲ್ಲಿ ಸೀಳಿದರೆ ಭಾನುವಾರ ಹೊಡೆದವನದೇ ತಪ್ಪೆಂದು ಹೇಗೆ ಹೇಳುವುದು? ಕೊನೆಯ ಪೆಟ್ಟು ಬಿರುಕನ್ನು ತೋರಿಸುತ್ತದೆ; ಹುಟ್ಟಿಸಿದ್ದು ಹೆಚ್ಚಿನ ಸಲ ನೀರು ಮತ್ತು ಬಿಸಿಲು. ದಂಡ ಹಾಕುವ ತಂಡಗಳು ಈ ಮಾತನ್ನು ಲಕ್ಷ್ಯದಲ್ಲಿಡಬೇಕೆಂದು ನಮ್ಮ ಸೂಚನೆ.

ಈಗ ಪರೀಕ್ಷೆ. ಬಿರುಕು ಎಳೆಯ ಉದ್ದಕ್ಕೆ ಇದೆಯೋ, ಎಳೆಯನ್ನು ಅಡ್ಡ ಕಡಿದಿದೆಯೋ, ಇದೊಂದೇ ಮುಖ್ಯ ಪ್ರಶ್ನೆ. ಹಲಗೆಯ ಮೇಲಿನ ಉದ್ದ ಗೆರೆಗಳ ಜೊತೆಗೇ ಬಿರುಕು ಸಾಗಿದ್ದರೆ ಎಳೆಗಳು ತುಂಡಾಗಿಲ್ಲ, ಒಂದರಿಂದ ಒಂದು ಬಿಟ್ಟಿವೆ ಅಷ್ಟೆ; ಅಂಟು ಅವನ್ನು ಮತ್ತೆ ಕೂಡಿಸಬಲ್ಲದು. ಗೆರೆಗಳನ್ನು ದಾಟಿ ಅಡ್ಡ ಹೋಗಿದ್ದರೆ, ಹಲಗೆಯನ್ನು ಮೆಲ್ಲಗೆ ಬಗ್ಗಿಸಿದಾಗ ಅಲ್ಲಿ ಬಾಯಿ ಬಿಟ್ಟರೆ, ಆ ಬ್ಯಾಟಿನ ಆಯುಷ್ಯ ಮುಗಿಯಿತು. ಅದನ್ನು ಅಂಟಿಸಿ ಆಡುವುದು ಅಪಾಯ. ಜೋರಾಗಿ ಬೀಸಿದಾಗ ಮುರಿದ ತುಂಡು ಹಾರಿ ಎದುರಿನವನ ಮುಖಕ್ಕೆ ಬಡಿದೀತು. ಮುಖದ ಮೇಲಿನ ಕೂದಲೆಳೆಯಂಥ ಸಣ್ಣ ಗೆರೆಗಳಿಗೆ ಹೆದರಬೇಕಾಗಿಲ್ಲ. ಆಡಿದ ಬ್ಯಾಟಿಗೆ ಅವು ಬಂದೇ ಬರುತ್ತವೆ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಬೇಕಾದರೆ ಫೆವಿಕ್ವಿಕ್ಕಿನ ಒಂದೆರಡು ಹನಿ ಇಳಿಸಿ, ಮೇಲೆ ತೆಳುವಾದ ಟೇಪು ಹಚ್ಚಿದರೆ ಸಾಕು.

ಕೆಳತುದಿಯ ಸೀಳೇ ನಮ್ಮಲ್ಲಿ ಹೆಚ್ಚು, ಆದ್ದರಿಂದ ಅದನ್ನೇ ವಿಸ್ತಾರವಾಗಿ ಹೇಳುತ್ತೇವೆ.

ಮೊದಲಾಗಿ ಬ್ಯಾಟು ಒಣಗಿರಬೇಕು. ನೆರಳಿನಲ್ಲಿ, ಗಾಳಿಯಾಡುವ ಕಡೆ, ಅಡ್ಡ ಮಲಗಿಸಿ ಒಂದು ವಾರ ಬಿಡಿ. ಹುಡುಗರಿಗೆ ಈ ಒಂದು ವಾರ ತಡೆಯುವುದೇ ಕಷ್ಟ. ಬಿರುಕಿನ ಒಳಗೆ ಮಣ್ಣು ಸೇರಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಒಳಗೆ ಹೋಗದಿದ್ದರೆ ಬ್ಲೇಡಿನ ಬೆನ್ನಿನಿಂದ ಕೆರೆದು ಊದಿ ತೆಗೆಯಿರಿ. ನೀರು ಹಾಕಿ ತೊಳೆಯಬಾರದು. ಎಣ್ಣೆ ಕುಡಿದ ಬ್ಯಾಟಾದರೆ ಬಟ್ಟೆಯ ತುದಿಯನ್ನು ತಿನ್ನರಿನಲ್ಲಿ ಅದ್ದಿ ಬಿರುಕಿನೊಳಗೆ ಎಳೆದು ಒರಸಿ, ಆರಲು ಬಿಡಬೇಕು. ಎಣ್ಣೆಯ ಮೇಲೆ ಅಂಟು ಹಿಡಿಯುವುದಿಲ್ಲ. ತಿನ್ನರಿನ ಕೆಲಸವನ್ನು ಒಲೆ, ಬೀಡಿಗಳಿಂದ ದೂರ, ಜಗಲಿಯ ಹೊರಗೆ ಮಾಡತಕ್ಕದ್ದು.

ಅಂಟು ಯಾವುದು? ಮರಗೆಲಸದ ಬಿಳಿ ಅಂಟೇ ಉತ್ತಮ. ಒಣಗಿದ ಮೇಲೂ ಸ್ವಲ್ಪ ಬಾಗುವ ಗುಣ ಅದಕ್ಕಿದೆ, ಮರದ ಜೊತೆ ಅದುರುತ್ತದೆ. ನೀರು ತಾಳುವ ಬಗೆಯದನ್ನೇ ಕೇಳಿ ಕೊಳ್ಳಿ. ಫೆವಿಕಾಲಿನಲ್ಲಿ ಅದಕ್ಕೆ ಮರೈನ್ ಎಂದು ಹೆಸರು. ಬಿಳಿ ಅಂಟು ಗಟ್ಟಿಯಾಗುವುದು ತನ್ನೊಳಗಿನ ನೀರು ಆರಿದಾಗ, ಆದುದರಿಂದ ಆಷಾಢದಲ್ಲಿ ಅದಕ್ಕೆ ಎರಡು ಪಟ್ಟು ಸಮಯ ಬೇಕು. ಎರಡು ಟ್ಯೂಬುಗಳನ್ನು ಬೆರೆಸುವ ಆರಾಲ್ಡೈಟ್ ಹಾಗಲ್ಲ. ಅದು ಬೆರೆತದ್ದರಿಂದಲೇ ಗಟ್ಟಿಯಾಗುತ್ತದೆ, ಹವೆಯ ಹಂಗು ಕಡಿಮೆ. ಆದರೆ ಅದು ಕಲ್ಲಿನಂತೆ ಪೆಡಸು. ಮರದ ಚೂರು ಉದುರಿ ಗುಳಿ ಬಿದ್ದಲ್ಲಿ ತುಂಬಲು ಅದನ್ನು ಬಳಸಬಹುದು, ಉದ್ದ ಸೀಳಿಗೆ ಬಿಳಿ ಅಂಟೇ ಇರಲಿ.

ಅಂಟನ್ನು ಬಿರುಕಿನ ತಳದವರೆಗೆ ಮುಟ್ಟಿಸುವುದೇ ಈ ಕೆಲಸದ ಜೀವ. ಮೇಲೆ ಬಳಿದರೆ ಮುಚ್ಚಳ ಹಾಕಿದಂತೆ ಆಗುತ್ತದೆಯೇ ಹೊರತು ಒಳಗೆ ಹಿಡಿಯುವುದಿಲ್ಲ. ದನಗಳಿಗೆ ಮದ್ದು ಚುಚ್ಚುವ ದಪ್ಪ ಸೂಜಿಯ ಹೊಸ ಸಿರಿಂಜು ಒಂದಿದ್ದರೆ ಬಲು ಅನುಕೂಲ. ಅದಿಲ್ಲದವರು ಗಟ್ಟಿ ದಾರವನ್ನು ಅಂಟಿನಲ್ಲಿ ಅದ್ದಿ ಬಿರುಕಿನೊಳಗೆ ಹಿಂದೆ ಮುಂದೆ ಎಳೆಯಬಹುದು. ಜೊತೆಗೆ ಒಬ್ಬರು ಬಿರುಕಿನ ಎರಡು ದಡಗಳನ್ನು ಮೆಲ್ಲಗೆ ಅಗಲಿಸಿ ಬಿಡುತ್ತಿದ್ದರೆ ಅಂಟು ತಾನೇ ಒಳಗೆ ಇಳಿಯುತ್ತದೆ. ಜೋರು ಮಾಡಬಾರದು, ಸೀಳು ಮುಂದೆ ಓಡೀತು. ಇನ್ನೊಂದು ಬದಿಯಿಂದ ಅಂಟು ಹೊರಗೆ ಇಣುಕಿದಾಗ ತುಂಬಿತೆಂದು ತಿಳಿಯಬಹುದು.

ನಂತರ ಬಿಗಿತ. ಆಚಾರ್ರ ಬಳಿ ಕ್ಲಾಂಪು ಇರುತ್ತದೆ. ನಮ್ಮಲ್ಲಿ ಅಡಿಕೆ ದಬ್ಬೆ ಇದೆ. ಒಂದೊಂದು ಅಡಿಯ ಎರಡು ದಬ್ಬೆ ತುಂಡುಗಳನ್ನು ಹದವಾಗಿ ಕೆತ್ತಿ ಬ್ಯಾಟಿನ ಎರಡು ಅಂಚಿಗೆ ಉದ್ದಕ್ಕೆ ಇರಿಸಿ, ನಡುವೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆ ಹಾಕಿ. ಇಲ್ಲವಾದರೆ ದಬ್ಬೆಯೂ ಬ್ಯಾಟಿಗೆ ಅಂಟಿಕೊಳ್ಳುತ್ತದೆ. ಮೇಲೆ ಹಗ್ಗ ಸುತ್ತಿ, ಹಗ್ಗದೊಳಗೆ ಒಂದು ಕೋಲು ತೂರಿಸಿ, ಹೇರು ಬಿಗಿಯುವಂತೆ ತಿರುಚಿ. ಎರಡು ಕಡೆ ಹೀಗೆ ಮಾಡಬೇಕು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎಳೆದೆಳೆದು ಸುತ್ತಿದರೂ ಆದೀತು. ಸೀಳು ಮುಖದಿಂದ ಬೆನ್ನಿಗೆ ತೂರಿದ್ದರೆ ಅಂಚಿನಿಂದ ಅಂಚಿಗೆ ಒತ್ತಬೇಕು. ಮುಖದ ಪದರವೇ ಬೆನ್ನಿನಿಂದ ಬೇರ್ಪಟ್ಟಿದ್ದರೆ ದಬ್ಬೆಯನ್ನು ಮುಖಕ್ಕೂ ಬೆನ್ನಿಗೂ ಇಟ್ಟು ಒತ್ತಬೇಕು. ಒತ್ತಡ ಹದವಾಗಿರಲಿ, ಒಳಗಿನ ಅಂಟೆಲ್ಲ ಹೊರಗೆ ಬರುವಷ್ಟು ಬಿಗಿದರೆ ಹಿಡಿಯಲು ಏನು ಉಳಿಯಿತು? ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯಿಂದ ಒರಸಿ 24 ಗಂಟೆ, ಮಳೆಗಾಲವಾದರೆ 48 ಗಂಟೆ ಮುಟ್ಟದೆ ಇಡಿ. ಬಿಚ್ಚಿದ ಮೇಲೂ ಎರಡು ದಿನ ಆಟ ಬೇಡ.

ಅಂಟಿನ ಮೇಲೆ ಕಟ್ಟು ಹಾಕುವುದು ವಾಡಿಕೆ. ಇದಕ್ಕೆ ಗಂಗೊಳ್ಳಿಯಂಥ ಮೀನುಗಾರಿಕೆಯ ಊರುಗಳ ಅಂಗಡಿಯಲ್ಲಿ ಸಿಗುವ, ಬಲೆ ಹೆಣೆಯುವ ತೆಳು ನೈಲಾನ್ ನೂಲಿಗೆ ಸಮನಾದದ್ದಿಲ್ಲ. ನೂಲಿನ ಒಂದು ತುದಿಯನ್ನು ಮಡಚಿ, ಕುಣಿಕೆಯಂತೆ ಬ್ಯಾಟಿನ ಬೆನ್ನಿನ ಮೇಲೆ ಮಲಗಿಸಿ. ಅದರ ಮೇಲೆಯೇ ಸುತ್ತಿಗೆ ಸುತ್ತು ತಾಗುವಂತೆ ಹನ್ನೆರಡು ಹದಿನೈದು ಸುತ್ತು ಬಿಗಿಯಾಗಿ ಸುತ್ತಿ ಬನ್ನಿ. ಕೊನೆಯ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಆರಂಭದ ತುದಿಯನ್ನು ಎಳೆದರೆ ಕುಣಿಕೆ ಸುತ್ತುಗಳ ಕೆಳಗೆ ಹೋಗಿ ಕುಳಿತುಕೊಳ್ಳುತ್ತದೆ. ಎರಡು ತುದಿಗಳನ್ನೂ ಕತ್ತರಿಸಿ. ಗಂಟು ಎಲ್ಲಿಯೂ ಮೇಲೆ ಕಾಣಬಾರದು. ಕಟ್ಟಿನ ಮೇಲೆ ತೆಳುವಾಗಿ ಅಂಟು ಸವರಿದರೆ ಒಂದು ಹಂಗಾಮಿಗೆ ಭಯವಿಲ್ಲ.

ಅಂಚಿನ ಸೀಳಿಗೂ ಇದೇ ಕ್ರಮ. ಕಟ್ಟಿನ ಬದಲು ಫೈಬರ್ ಟೇಪು ಹಾಕಿದರೆ ಚೆಂಡು ಸರಾಗವಾಗಿ ಹೋಗುತ್ತದೆ. ಹಿಡಿಯ ವಿಷಯ ಬೇರೆ. ರಬ್ಬರಿನ ಹಿಡಿಕವಚವನ್ನು ಸುರುಳಿ ಸುತ್ತಿ ಇಳಿಸಿ ನೋಡಿ. ನೂಲು ಸಡಿಲವಾಗಿ ಬೆತ್ತದ ಪಟ್ಟಿಗಳು ಬಿಟ್ಟಿದ್ದರೆ ಅಂಟು ಹಾಕಿ ಹೊಸ ನೂಲು ಸುತ್ತಬಹುದು. ಬೆತ್ತವೇ ಮುರಿದಿದ್ದರೆ, ಅಥವಾ 'ವಿ' ಸಂದು ಹಲಗೆಯ ಹೆಗಲಲ್ಲಿ ಅಲುಗಾಡುತ್ತಿದ್ದರೆ ಮನೆಯ ಕೆಲಸವಲ್ಲ, ಬಲ್ಲ ಆಚಾರ್ರ ಕೈಗೇ ಕೊಡಬೇಕು.

ಮಾಡಬಾರದ್ದನ್ನು ನಾವು ಹೆಚ್ಚು ನೋಡಿದ್ದೇವೆ. ಮೊಳೆ ಹೊಡೆಯುವುದು ಅದರಲ್ಲಿ ಮೊದಲನೆಯದು. ಮೊಳೆ ತಾನೇ ಒಂದು ಬೆಣೆ. ಸೀಳನ್ನು ಮುಚ್ಚಲು ಹೋಗಿ ಹೊಸ ಸೀಳು ಮಾಡುತ್ತದೆ, ತುಕ್ಕು ಹಿಡಿಯುತ್ತದೆ, ತಲೆ ಎದ್ದರೆ ಕೈ ಗೀರುತ್ತದೆ. ಬೇಲಿಯ ತಂತಿ ಸುತ್ತಿದ ಬ್ಯಾಟನ್ನೂ ಕಂಡಿದ್ದೇವೆ. ಕರೆಂಟಿನ ಕಪ್ಪು ಟೇಪು ಅಷ್ಟು ಕೆಟ್ಟದ್ದಲ್ಲ, ಆದರೆ ಹಿಗ್ಗುತ್ತದೆ, ಒಳಗೆ ಒದ್ದೆಯಿದ್ದರೆ ಅದನ್ನು ಅಲ್ಲೇ ಹಿಡಿದಿಡುತ್ತದೆ. ತೀರ ಅವಶ್ಯವಿದ್ದಲ್ಲಿ ತುದಿಯಲ್ಲಿ ಅಂಚಿನಿಂದ ಅಂಚಿಗೆ ಸಣ್ಣ ತೂತು ಕೊರೆದು, ಬಿದಿರಿನ ಕಡ್ಡಿಯನ್ನು ಅಂಟಿನೊಡನೆ ಕೂಡಿಸಬಹುದು. ಕಬ್ಬಿಣಕ್ಕೆ ಅಲ್ಲಿ ಜಾಗವಿಲ್ಲ.

ಎಣ್ಣೆಯ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಒಂದು ಮಾತು. ಮನೆಯಲ್ಲಿದೆಯೆಂದು ತೆಂಗಿನ ಎಣ್ಣೆ ಹಚ್ಚುತ್ತಾರೆ. ತೆಂಗಿನ ಎಣ್ಣೆ ಒಣಗುವ ಜಾತಿಯದಲ್ಲ. ಮರದೊಳಗೆ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ, ಮುಂದೆ ಅಂಟಿಗೂ ಅಡ್ಡಿ. ಅಗಸೆ ಎಣ್ಣೆ ಗಾಳಿಗೆ ಸೇರಿ ತೆಳು ಪೊರೆಯಾಗಿ ಗಟ್ಟಿಯಾಗುತ್ತದೆ, ಅದಕ್ಕಾಗಿಯೇ ಬ್ಯಾಟಿಗೆ ಅದು. ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆಯನ್ನು ಹಚ್ಚೋಣವೇ ಎಂದು ಒಬ್ಬರು ಕೇಳಿದ್ದರು. ಅದು ಮರವನ್ನು ಕಾಯುತ್ತದೆ, ಹಿಡಿದವನ ಕೈಯನ್ನು ಸುಡುತ್ತದೆ, ಬೇಡವೇ ಬೇಡ. ಅಗಸೆ ಎಣ್ಣೆಯನ್ನು ಅಂಟು ಪೂರ್ತಿ ಒಣಗಿದ ಮೇಲೆ ಮುಖಕ್ಕೂ ಅಂಚಿಗೂ ಒಂದು ಚಮಚದಷ್ಟು ಬಟ್ಟೆಯಲ್ಲಿ ತೀಡಿ, ಒಂದು ರಾತ್ರಿ ಅಡ್ಡ ಮಲಗಿಸಿ. ಹಿಡಿಯ ಸಂದಿಗೆ ಎಣ್ಣೆ ತಾಗಬಾರದು, ಅಲ್ಲಿನ ಅಂಟು ಸಡಿಲಗೊಂಡೀತು. ಕೆಳತುದಿಗೆ ತೆಳು ರಬ್ಬರಿನ ತುಂಡನ್ನು ಅಂಟಿಸಿದರೆ ಇಬ್ಬನಿಯ ಭಯ ಬಹುಮಟ್ಟಿಗೆ ತಪ್ಪಿತು.

ರಿಪೇರಿ ಮಾಡಿದ ಬ್ಯಾಟು ಪಂದ್ಯಾಟದಲ್ಲಿ ನಡೆಯುತ್ತದೆಯೇ? ಎಂ.ಸಿ.ಸಿ.ಯ ನಿಯಮದಂತೆ ರಕ್ಷಣೆಗೋ ರಿಪೇರಿಗೋ ಹಲಗೆಯ ಮೇಲೆ ಹೊದಿಕೆ ಹಾಕಬಹುದು, ದಪ್ಪ 1 ಮಿಲಿಮೀಟರಿಗೆ ಮೀರಬಾರದು. ಹಲಗೆಯ ಅಗಲ ನಾಲ್ಕೂಕಾಲು ಇಂಚು, ಅಂದರೆ 10.8 ಸೆಂಟಿಮೀಟರ್ ದಾಟಬಾರದು. ಈ ನಾಲ್ಕೂಕಾಲು ಇಂಚಿಗೂ ಒಂದು ಕಥೆಯಿದೆ: 1771ರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ವೈಟ್ ಎಂಬ ಆಟಗಾರ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದಾಗ, ಎದುರಾಳಿಗಳಾದ ಹ್ಯಾಂಬಲ್ಡನ್‌ನವರು ರೇಗಿ ಈ ಮಿತಿಯನ್ನು ಕಟ್ಟಿದರು. ಹಲಗೆ ಮರದ್ದೇ ಆಗಿರಬೇಕೆಂಬ ನಿಯಮ ಬಂದದ್ದು ಬಹಳ ತಡವಾಗಿ, 1980ರಲ್ಲಿ. ಅದರ ಹಿಂದಿನ ಡಿಸೆಂಬರಿನಲ್ಲಿ ಪರ್ತ್ ಟೆಸ್ಟಿನಲ್ಲಿ ಡೆನ್ನಿಸ್ ಲಿಲ್ಲಿ ಅಲ್ಯುಮಿನಿಯಮ್ ಬ್ಯಾಟು ಹಿಡಿದು ಗಲಾಟೆಯಾಗಿತ್ತು. ನಮ್ಮ ಟೆನ್ನಿಸ್ ಬಾಲ್ ಪಂದ್ಯಾಟಗಳಿಗೆ ಸಂಘಟಕರದೇ ಕಟ್ಟುಪಾಡು, ಮೊದಲೇ ಕೇಳಿಕೊಳ್ಳಬೇಕು. ಒಂದು ಸಮಾಧಾನವಿದೆ: ಚರ್ಮದ ಚೆಂಡು 156ರಿಂದ 163 ಗ್ರಾಂ ತೂಗಿದರೆ ಸಾಮಾನ್ಯ ಟೆನ್ನಿಸ್ ಚೆಂಡು 60 ಗ್ರಾಂ ಕೂಡ ಇಲ್ಲ. ಅಂಟಿಸಿದ ಬ್ಯಾಟನ್ನು ಚರ್ಮದ ಚೆಂಡಿಗೆ ಒಡ್ಡಬೇಡಿ. ಟೆನ್ನಿಸ್ ಚೆಂಡಿಗೆ, ಅಂಡರ್ ಆರ್ಮ್ ಆಟಕ್ಕೆ ಧಾರಾಳವಾಗಿ ಆದೀತು. ಗಟ್ಟಿ ಟೆನ್ನಿಸ್ ಚೆಂಡು ಇವೆರಡರ ನಡುವಿನದು. ಅದರಲ್ಲಿ ಆಡುವುದಾದರೆ ಕಟ್ಟನ್ನು ಪ್ರತಿ ವಾರ ನೋಡಿಕೊಳ್ಳಬೇಕು.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಕೊನೆಗೆ, ಬ್ಯಾಟನ್ನು ಒರಸಿ ತೆಳುವಾಗಿ ಎಣ್ಣೆ ತೀಡಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಳಕೋಣೆಯ ಗೋಡೆಯಲ್ಲಿ ನೆಲದಿಂದ ಎತ್ತರಕ್ಕೆ ತೂಗುಹಾಕಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಷ್ಟು ಖಂಡಿತ. ನವರಾತ್ರಿಯ ಹೊತ್ತಿಗೆ ತೆಗೆದು ನೆರಳಿನಲ್ಲಿ ಗಾಳಿಗಿಟ್ಟು, ಬಿರುಕು ನೋಡಿ, ಬೇಕಾದ ಅಂಟಿನ ಕೆಲಸವನ್ನು ಆಗಲೇ ಮುಗಿಸಿಕೊಂಡರೆ ಕೊಯ್ಲಿನ ಹೊತ್ತಿಗೆ ಸಿದ್ಧ.

ಇದೇ ಅಂಟು, ಇದೇ ದಬ್ಬೆ, ಇದೇ ನೂಲಿನ ಕಟ್ಟು ಕಪಾತಿನ ಕತ್ತಿಯ ಹಿಡಿ ಉದ್ದಕ್ಕೆ ಸೀಳಿದಾಗಲೂ, ಗುದ್ದಲಿಯ ಕಾವು ಬಿರುಕು ಬಿಟ್ಟಾಗಲೂ ಉಪಯೋಗಕ್ಕೆ ಬರುತ್ತದೆ. ಕೊಡಲಿ, ಪಿಕಾಸಿಗಳ ಕಾವಿಗೆ ಮಾತ್ರ ಇದು ಸಲ್ಲದು. ಅಲ್ಲಿ ಗೆರೆಯಷ್ಟು ಬಿರುಕು ಕಂಡರೂ ಹೊಸ ಕಾವನ್ನೇ ಹಾಕಿಸತಕ್ಕದ್ದು.